ಆಂಟಿಬಾಡಿ ಪರೀಕ್ಷೆ: ರೋಗಿಗಳ ಬಂಧುಗಳು ತಿಳಿದಿರಬೇಕಾದದ್ದು

ಮಾಂಸಖಂಡಗಳ ಬಲಹೀನತೆ, ಕಣ್ಣಿನ ರೆಪ್ಪೆ ಜೋತು ಬೀಳುವುದು, ಪದೇ ಪದೇ ಫಿಟ್ಸ್ ಬರುವುದು – ಇಂತಹ ತೊಂದರೆಗಳಿಗೆ ಕಾರಣ ತಿಳಿಯದಿದ್ದಾಗ ವೈದ್ಯರು ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಡುವುದುಂಟು. ಅಲ್ಲಿ ಕೆಲವರಿಗೆ ಮಾಂಸಖಂಡದ ಸಣ್ಣ ತುಣುಕನ್ನು ತೆಗೆದು ಪರೀಕ್ಷಿಸುತ್ತಾರೆ. ಇದೇ ಬಯಾಪ್ಸಿ. ಬಯಾಪ್ಸಿ ಎಂದೊಡನೆ ಕ್ಯಾನ್ಸರ್ ಎಂದು ಹೆದರಬೇಡಿ.

ಶಕ್ತಿ ತಯಾರಾಗುವುದು ಎಲ್ಲಿ?

ನಮ್ಮ ಜೀವಕೋಶಗಳೊಳಗೆ ಮೈಟೋಕಾಂಡ್ರಿಯ ಎಂಬ ಸೂಕ್ಷ್ಮ ಭಾಗಗಳಿವೆ. ನಾವು ಉಂಡ ಮುದ್ದೆ, ಅನ್ನದಲ್ಲಿರುವ ಶಕ್ತಿಯನ್ನು ದೇಹ ಬಳಸುವಂತೆ ಮಾಡುವುದು ಇವುಗಳ ಕೆಲಸ. ಇದರ ಕೊನೆಯ ಹಂತವನ್ನು ನಡೆಸುವ ಕಿಣ್ವದ ಹೆಸರು ಎಟಿಪಿ ಸಿಂಥೇಸ್. ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ನೀರಿನಿಂದ ಚಕ್ರ ತಿರುಗಿಸಿ ವಿದ್ಯುತ್ ತೆಗೆದರಲ್ಲವೇ? ಈ ಕಿಣ್ವವೂ ಹಾಗೆಯೇ ಗಿರಗಿರನೆ ತಿರುಗುತ್ತದೆ. ನೀರಿನ ಬದಲು ಹೈಡ್ರೋಜನ್ ಕಣಗಳು ಹರಿಯುತ್ತವೆ. ವಿದ್ಯುತ್ತಿನ ಬದಲು ಎಟಿಪಿ ಎಂಬ ಶಕ್ತಿವಸ್ತು ದೊರೆಯುತ್ತದೆ. ಇದರ ಕೆಲಸದ ಬಗೆಯನ್ನು ವಿವರಿಸಿದ ಪಾಲ್ ಬಾಯರ್ ಮತ್ತು ಜಾನ್ ವಾಕರ್ 1997ರಲ್ಲಿ ನೊಬೆಲ್ ಪಡೆದರು.

ಆಂಟಿಬಾಡಿ ಏನು ಮಾಡುತ್ತದೆ?

ರೋಗಾಣು ಹೊಕ್ಕಾಗ ದೇಹ ತಯಾರಿಸುವ ರಕ್ಷಕ ಪ್ರೋಟೀನಿಗೆ ಆಂಟಿಬಾಡಿ, ಅಂದರೆ ಪ್ರತಿಕಾಯ ಎನ್ನುತ್ತಾರೆ. ಹಿಂಡಿನಲ್ಲಿ ಕರು ತನ್ನ ತಾಯಿಯನ್ನೇ ಹುಡುಕಿಕೊಂಡು ಹೋಗುವಂತೆ, ಅದು ತನಗೆ ಸಂಬಂಧಿಸಿದ ವಸ್ತುವಿಗೇ ಅಂಟುತ್ತದೆ. ಎಟಿಪಿ ಸಿಂಥೇಸ್‌ಗೆ ಅಂಟುವ ಆಂಟಿಬಾಡಿಯನ್ನು ಇಲಿ, ಮೊಲಗಳ ಸಹಾಯದಿಂದ ತಯಾರಿಸುತ್ತಾರೆ. ಪ್ರಯೋಗಾಲಯದಲ್ಲಿ ಇದನ್ನು ತುಣುಕಿನ ತೆಳು ಪದರದ ಮೇಲೆ ಹಾಕಿ ಬಣ್ಣ ಬರಿಸುತ್ತಾರೆ. ಬಣ್ಣ ಬಂದ ಕಡೆ ಕಿಣ್ವ ಇದೆ ಎಂದರ್ಥ.

ಮೂರು ಮಾತು ನೆನಪಿಡಿ

1. ಈ ಆಂಟಿಬಾಡಿ ಔಷಧವಲ್ಲ. ಇದನ್ನು ರೋಗಿಗೆ ಚುಚ್ಚುವುದಿಲ್ಲ. ಇದರಿಂದ ಗುಣವಾಗುತ್ತದೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

2. ಕಿಣ್ವ ಇದೆಯೇ, ಕಡಿಮೆಯಿದೆಯೇ ಎಂಬುದನ್ನು ಬಣ್ಣ ತೋರಿಸೀತು. ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಹೇಳದು. ಇಂತಹ ಅನೇಕ ಆಂಟಿಬಾಡಿಗಳ ಬಾಟಲಿಯ ಮೇಲೆ ಸಂಶೋಧನೆಗೆ ಮಾತ್ರ ಎಂದು ಬರೆದಿರುತ್ತದೆ. ಆದ್ದರಿಂದ ವೈದ್ಯರು ರಕ್ತಪರೀಕ್ಷೆ, ಕಿಣ್ವದ ಪರೀಕ್ಷೆ, ಜೀನ್ ಪರೀಕ್ಷೆಗಳನ್ನೂ ನೋಡಿಯೇ ನಿರ್ಧರಿಸುತ್ತಾರೆ.

3. ತಾಯಿಯನ್ನು ದೂರಬೇಡಿ. ಮೈಟೋಕಾಂಡ್ರಿಯ ತಾಯಿಯಿಂದ ಬರುವುದು ನಿಜ. ಆದರೆ ಅವುಗಳ ಬಹುಪಾಲು ಭಾಗಗಳನ್ನು ಕಟ್ಟುವ ಜೀನ್‌ಗಳು ತಂದೆ ತಾಯಿ ಇಬ್ಬರಿಂದಲೂ ಬರುತ್ತವೆ. ಯಾರೂ ಬೇಕೆಂದು ಕೊಟ್ಟ ಕಾಯಿಲೆಯಲ್ಲ. ಹತ್ತಿರದ ಸಂಬಂಧದಲ್ಲಿ ಮದುವೆಯಾಗಿದ್ದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಿ. ಮುಂದಿನ ಮಗುವಿನ ಬಗ್ಗೆ ಸಲಹೆ ನೀಡಲು ಅದು ಬೇಕಾಗುತ್ತದೆ.

ಬೆಂಗಳೂರಿಗೆ ಹೊರಡುವಾಗ ಹಳೆಯ ಚೀಟಿಗಳನ್ನೆಲ್ಲ ತೆಗೆದುಕೊಂಡು ಹೋಗಿ. ಫಿಟ್ಸ್ ಮಾತ್ರೆಗಳ ಹೆಸರನ್ನು ತಪ್ಪದೆ ತೋರಿಸಿ. ಅವುಗಳಲ್ಲಿ ವಾಲ್‌ಪ್ರೋಯೇಟ್ ಈ ಕಾಯಿಲೆಯ ಕೆಲವರಿಗೆ ಒಗ್ಗುವುದಿಲ್ಲ. ಆದರೆ ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಸಂದೇಹವಿದ್ದರೆ ವಾರ್ಡಿನ ದಾದಿಯರನ್ನು ಸಂಕೋಚವಿಲ್ಲದೆ ಕೇಳಿ.