ಮಲ್ಪೆಯ ಕಲ್ಲು ಮತ್ತು ಜ್ವಾಲಾಮುಖಿ

ಜ್ವಾಲಾಮುಖಿ ಎಂದ ಕೂಡಲೇ ನಮಗೆ ದೂರದ ದೇಶಗಳು ನೆನಪಾಗುತ್ತವೆ. ಚಿಲಿ ಮತ್ತು ಅರ್ಜೆಂಟೀನಾ ದೇಶಗಳ ಗಡಿಯಲ್ಲಿ, ಆಂಡಿಸ್ ಪರ್ವತಗಳ ಸಾಲಿನಲ್ಲಿ ಅನೇಕ ಜ್ವಾಲಾಮುಖಿಗಳಿವೆ. ಅಲ್ಲಿ ಸಾಗರತಳದ ಭೂಫಲಕವು ಖಂಡದ ಫಲಕದ ಅಡಿಗೆ ನುಗ್ಗುತ್ತಿದೆ. ಅದರಿಂದ ಆಳದಲ್ಲಿ ಬಂಡೆ ಕರಗಿ ಮೇಲಕ್ಕೆ ಬರುತ್ತದೆ. ಭಾರತದಲ್ಲಿ ಈಗ ಸಕ್ರಿಯವಾಗಿರುವುದು ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿ ಮಾತ್ರ.

ಹಾಗಾದರೆ ನಮ್ಮ ಜಿಲ್ಲೆಗೂ ಜ್ವಾಲಾಮುಖಿಗೂ ಸಂಬಂಧವೇ ಇಲ್ಲವೇ? ಇದೆ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪವನ್ನು ನಮ್ಮಲ್ಲಿ ಹೆಚ್ಚಿನವರು ನೋಡಿದ್ದೇವೆ. ಅಲ್ಲಿನ ಕಂಬದಂಥ ಬಂಡೆಗಳು ಲಾವಾದಿಂದಲೇ ಆದವು. ಅವುಗಳ ವಯಸ್ಸು ಸುಮಾರು 8.8 ಕೋಟಿ ವರ್ಷ.

ಆ ಕಾಲದಲ್ಲಿ ಭಾರತ ಮತ್ತು ಮಡಗಾಸ್ಕರ್ ಒಂದೇ ಭೂಭಾಗವಾಗಿದ್ದವು. ಅವು ಬೇರೆಯಾಗುವಾಗ ನೆಲ ಸೀಳಿ ಲಾವಾ ಹೊರಬಂತು. ಅದೇ ಕಾಲದ ಲಾವಾ ಬಂಡೆಗಳು ಮಡಗಾಸ್ಕರಿನಲ್ಲಿಯೂ ಇವೆ. ಆಂಡಿಸ್‌ನಲ್ಲಿ ಫಲಕಗಳು ಡಿಕ್ಕಿಯಾಗುವುದರಿಂದ ಜ್ವಾಲಾಮುಖಿ ಹುಟ್ಟಿದರೆ, ನಮ್ಮಲ್ಲಿ ಎರಡು ನೆಲಗಳು ಅಗಲಿದ್ದರಿಂದ ಹುಟ್ಟಿತು. ಇಂದು ಆ ಎರಡರ ನಡುವೆ ಸಾವಿರಾರು ಕಿಲೋಮೀಟರ್ ಸಮುದ್ರವಿದೆ.

ಈ ಬಂಡೆಗಳನ್ನು ಯಾರೋ ಕೆತ್ತಿ ನಿಲ್ಲಿಸಿದಂತೆ ಕಾಣುವುದೇಕೆ? ಬಿಸಿ ಲಾವಾ ತಣಿಯುವಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಒಣಗಿದ ಗದ್ದೆಯ ಮಣ್ಣು ಬಿರುಕು ಬಿಡುವ ಹಾಗೆ ಅದೂ ಬಿರುಕು ಬಿಡುತ್ತದೆ. ಬಿರುಕು ಹೊರಗಿನಿಂದ ಒಳಕ್ಕೆ ಇಳಿದಂತೆ ಕಂಬಗಳಾಗುತ್ತವೆ. ಹಲವು ಕಂಬಗಳಿಗೆ ಆರು ಮುಖ, ಕೆಲವಕ್ಕೆ ಐದು ಅಥವಾ ಏಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಇದು ಮತ್ತೆ ಸಿಡಿಯಬಹುದೇ ಎಂದು ಗೆಳೆಯರು ಕೇಳುತ್ತಾರೆ. ಇಲ್ಲ. ಭಾರತ ಉತ್ತರಕ್ಕೆ ಸರಿದು ಬಂದಿದೆ. ಲಾವಾ ಉಕ್ಕಿಸಿದ ಶಾಖದ ಮೂಲ ಹಿಂದೆಯೇ ಉಳಿದಿದೆ.

ಹಾಗಾಗಿ ಅಪಾಯ ನಮಗೆ ಬಂಡೆಯಿಂದಲ್ಲ, ಬಂಡೆಗೆ ನಮ್ಮಿಂದ. ಎಂಟನೇ ತರಗತಿಯಲ್ಲಿದ್ದಾಗ ಮನೆಯವರೊಂದಿಗೆ ಹೋಗಿ ನಾನೂ ಅಲ್ಲಿಂದ ಒಂದು ಕಲ್ಲಿನ ತುಂಡು ತಂದಿದ್ದೆ. ಅಮ್ಮಿ ಬೇಡವೆಂದರೂ ಕೇಳಲಿಲ್ಲ. "ಒಂದು ಕಲ್ಲು ತಾನೇ" ಅಂದುಕೊಂಡಿದ್ದೆ. ದ್ವೀಪಕ್ಕೆ ಹೋಗುವ ಪ್ರತಿಯೊಬ್ಬರೂ ಹಾಗೆಯೇ ಅಂದುಕೊಂಡರೆ ಉಳಿಯುವುದೇನು? ಅಂಗಡಿಯಲ್ಲಿ ಸರಕು ಖಾಲಿಯಾದರೆ ಮತ್ತೆ ತರಿಸಬಹುದು ಎಂದು ಅಕೌಂಟೆನ್ಸಿ ಓದುವ ನಮಗೆ ಗೊತ್ತು. ಈ ಸರಕನ್ನು ತರಿಸಲು ಅಂಗಡಿಯಿಲ್ಲ.

ಆ ತುಂಡು ಈಗಲೂ ನನ್ನ ಮೇಜಿನ ಮೇಲಿದೆ. ಮಳೆಗಾಲ ಮುಗಿದು ದೋಣಿ ಶುರುವಾದ ಮೇಲೆ ಅದನ್ನು ಅಲ್ಲಿಗೇ ಮುಟ್ಟಿಸಬೇಕೆಂದಿದ್ದೇನೆ. ನೀವು ಹೋದಾಗ ಬಂಡೆಯ ಮೇಲೆ ಹೆಸರು ಗೀಚಬೇಡಿ, ಚೂರು ತರಬೇಡಿ. ಕಂಬದ ಮುಖಗಳನ್ನು ಎಣಿಸಿ ಬನ್ನಿ.