ಒಂದೇ ಪಟ್ಟಿ, ಎರಡು ಹೆಸರು



ಈ ಸಲ ನಾನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಬಗ್ಗೆ ಬರೆಯುತ್ತಿದ್ದೇನೆ. ಇದನ್ನು ನೆದರ್ಲೆಂಡ್ಸ್ ದೇಶದ ಗೀಡೊ ವಾನ್ ರೋಸಮ್ ರಚಿಸಿ 1991ರಲ್ಲಿ ಹೊರತಂದರು. 2008ರಲ್ಲಿ ಬಂದ 3ನೇ ಆವೃತ್ತಿಯಿಂದ ಇದರಲ್ಲಿ ನಾವು ಕೊಡುವ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಕಾಪಿ, ಅಪೆಂಡ್ ಮುಂತಾದ ಆಜ್ಞೆಗಳನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಬಿಸಿಯೂಟಕ್ಕೆ ಒಂದು ಪ್ರೋಗ್ರಾಂ ಬರೆಯೋಣ. ಅದರಲ್ಲಿ ಎರಡು ಕ್ಲಾಸು. ಇದು ನಮ್ಮ ಐದನೇ ಕ್ಲಾಸು, ಆರನೇ ಕ್ಲಾಸು ಅಲ್ಲ! ಇಲ್ಲಿ ಕ್ಲಾಸ್ ಅಂದರೆ ಇಟ್ಟಿಗೆಯ ಅಚ್ಚಿದ್ದ ಹಾಗೆ. ಅದರಿಂದ ಬರುವ ಇಟ್ಟಿಗೆಯೇ ಆಬ್ಜೆಕ್ಟ್. ನಮ್ಮ ಆಬ್ಜೆಕ್ಟುಗಳು 'ಶಾಲೆ' ಮತ್ತು 'ಅಡುಗೆ'. ಶಾಲೆ ಹಾಜರಿ ಬರೆಯುತ್ತದೆ. ಅಡುಗೆ ಅದನ್ನು ಎಣಿಸಿ ಎಷ್ಟು ಅಕ್ಕಿ ಹಾಕಬೇಕೆಂದು ಹೇಳುತ್ತದೆ. ಬೆಳಿಗ್ಗೆ 40 ಹೆಸರು ಇವೆ ಅನ್ನಿ.

1) ಅಡುಗೆ.ಪಟ್ಟಿ = ಶಾಲೆ.ಹಾಜರಿ

ಇಲ್ಲಿ ಹೊಸ ಪಟ್ಟಿ ಹುಟ್ಟುವುದಿಲ್ಲ. ಪಟ್ಟಿ ಒಂದೇ, ಹೆಸರು ಎರಡು. ಇದಕ್ಕೆ ರೆಫರೆನ್ಸ್ ಅಂತಾರೆ. ಒಬ್ಬನೇ ಹುಡುಗನನ್ನು ಅಜ್ಜಿ ಪುಟ್ಟ ಅಂತಲೂ ಮೇಷ್ಟ್ರು ಮಂಜುನಾಥ ಅಂತಲೂ ಕರೆದ ಹಾಗೆ. ತೋಟದ ಮನೆಯಿಂದ ತಡವಾಗಿ ಬಂದ ಇಬ್ಬರನ್ನು ಹಾಜರಿಗೆ ಸೇರಿಸಿದರೆ ಅಡುಗೆಗೂ 42 ಕಾಣುತ್ತದೆ.

2) ಅಡುಗೆ.ಪಟ್ಟಿ = ಶಾಲೆ.ಹಾಜರಿ.ಕಾಪಿ()

ಈಗ ಪಟ್ಟಿ ಎರಡು. ಶಾಲೆಯಲ್ಲಿ 42 ಆದರೂ ಅಡುಗೆಯಲ್ಲಿ 40 ಹಾಗೇ ಇರುತ್ತದೆ. ಕಂಪ್ಯೂಟರ್ ತಪ್ಪೆಂದು ಹೇಳುವುದೇ ಇಲ್ಲ. ಆದರೆ ಇಬ್ಬರ ಅನ್ನ ಕಡಿಮೆ ಬೀಳುತ್ತದೆ!

ಹಾಗಾದರೆ ಕಾಪಿ ಕೆಟ್ಟದ್ದೇ? ಅಲ್ಲ. ಮರುದಿನ ಹಾಜರಿಯನ್ನು ಅಳಿಸಿ ಅದರಲ್ಲೇ ಹೊಸದಾಗಿ ಬರೆಯುತ್ತೇವೆ. ಸೋಮವಾರದ ಲೆಕ್ಕವನ್ನು ಕಾಪಿ ಮಾಡದೆ ಬರೀ ರೆಫರೆನ್ಸ್ ಇಟ್ಟಿದ್ದರೆ ಅದೂ ಅಳಿಸಿಹೋಗುತ್ತದೆ. ಆದ್ದರಿಂದ ನೆನಪಿಡಿ: ಈಗಿನ ಸ್ಥಿತಿ ಇಬ್ಬರಿಗೂ ತಿಳಿಯಬೇಕಾದರೆ ರೆಫರೆನ್ಸ್, ಆಗಿನ ಸ್ಥಿತಿ ಉಳಿಯಬೇಕಾದರೆ ಕಾಪಿ.

ಇನ್ನೊಂದು ಎಚ್ಚರಿಕೆ. ಪಟ್ಟಿಯೊಳಗೆ ಪಟ್ಟಿ ಇದ್ದರೆ ಕಾಪಿ() ಹೊರಗಿನದನ್ನಷ್ಟೇ ನಕಲು ಮಾಡುತ್ತದೆ, ಒಳಗಿನವು ಹಂಚಿಕೆಯಲ್ಲೇ ಇರುತ್ತವೆ. ಅವನ್ನೂ ನಕಲು ಮಾಡಲು ಡೀಪ್‌ಕಾಪಿ ಬೇಕು.

ಕಂಪ್ಯೂಟರ್ ಇಲ್ಲದಿದ್ದರೂ ಇದನ್ನು ಕಲಿಯಬಹುದು. ಇಬ್ಬರು ಒಂದೇ ಸ್ಲೇಟು ನೋಡಿ, ಆಮೇಲೆ ಎರಡು ಸ್ಲೇಟಿನಲ್ಲಿ ಬರೆದು ನೋಡಿ. ವ್ಯತ್ಯಾಸ ತಾನಾಗಿ ತಿಳಿಯುತ್ತೆ.

ನಿಮಗೊಂದು ಪ್ರಶ್ನೆ:
ಅ = [1, 2]
ಬ = ಅ
ಕ = ಅ.ಕಾಪಿ()
ಅ.ಅಪೆಂಡ್(3)
ಈಗ ಬ ಎಷ್ಟು? ಕ ಎಷ್ಟು?

(ಉತ್ತರ: ಬ = [1, 2, 3], ಕ = [1, 2])