ದಿನಬಳಕೆಯ ಕಲೆಯನ್ನು ಉಳಿಸಿದ ದಿನಕರ ಕೇಳಕರ

ಪುಣೆ ನಗರದ ಬಾಜೀರಾವ್ ರಸ್ತೆಯ ಬಳಿ ಇರುವ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವು ಒಬ್ಬ ವ್ಯಕ್ತಿಯ ಜೀವಮಾನದ ಪರಿಶ್ರಮದ ಫಲವಾಗಿದೆ. ಇದರ ಸ್ಥಾಪಕರಾದ ಡಾ. ದಿನಕರ ಗಂಗಾಧರ ಕೇಳಕರರು 1896ರ ಜನವರಿ 10ರಂದು ಜನಿಸಿದರು. ಅವರು ಸಂಸ್ಥಾನಿಕರಾಗಲಿ, ಜಹಗೀರುದಾರರಾಗಲಿ ಆಗಿರಲಿಲ್ಲ. ಕನ್ನಡಕದ ವ್ಯಾಪಾರವೇ ಅವರ ಜೀವನಾಧಾರವಾಗಿತ್ತು. 'ಅಜ್ಞಾತವಾಸಿ' ಎಂಬ ಕಾವ್ಯನಾಮದಿಂದ ಅವರು ಮರಾಠಿಯಲ್ಲಿ ಕವಿತೆಗಳನ್ನೂ ರಚಿಸಿದರು.

ಸುಮಾರು 1920ರಿಂದ ಅವರು ಹಳೆಯ ವಸ್ತುಗಳನ್ನು ಸಂಗ್ರಹಿಸತೊಡಗಿದರು. ದೇವಾಲಯದ ಶಿಲ್ಪಕ್ಕೂ ಅರಮನೆಯ ಚಿತ್ರಕ್ಕೂ ಗೌರವವಿತ್ತು. ಆದರೆ ಮನೆಯ ದೀಪ, ಅಡಕತ್ತರಿ, ಬಾಚಣಿಗೆ, ಮಸಿಕುಡಿಕೆಗಳಲ್ಲಿಯೂ ಕಲೆ ಇದೆಯೆಂದು ಗುರುತಿಸಿದವರು ವಿರಳ. ಮುರಿದ ಹಿತ್ತಾಳೆಯ ಸಾಮಾನು ಕುಲುಮೆ ಸೇರಿ ಕರಗಿಹೋದರೆ, ಅದನ್ನು ರೂಪಿಸಿದ ಕುಶಲಕರ್ಮಿಯ ಕೈಚಳಕವೂ ಅದರೊಡನೆಯೇ ಅಳಿಯುತ್ತದೆ. ಈ ನಷ್ಟವನ್ನು ಮನಗಂಡ ಕೇಳಕರರು ದೇಶದ ಹಲವು ಭಾಗಗಳಲ್ಲಿ ಸಂಚರಿಸಿ ಇಂತಹ ವಸ್ತುಗಳನ್ನು ಕೂಡಿಹಾಕಿದರು. ಪತ್ನಿ ಕಮಲಾಬಾಯಿಯವರು ಈ ಕಾರ್ಯದಲ್ಲಿ ಅವರಿಗೆ ನೆರವಾದರು.

ಸಂಗ್ರಹವು ಕ್ರಮೇಣ ಸುಮಾರು 20,000 ವಸ್ತುಗಳಷ್ಟು ಬೆಳೆಯಿತು. ಕೆತ್ತನೆಯ ಬಾಗಿಲುಗಳು, ಸಂಗೀತ ವಾದ್ಯಗಳು, ಅಡಿಗೆಮನೆಯ ಪಾತ್ರೆಗಳು, ಆಯುಧಗಳು ಹಾಗೂ ವಸ್ತ್ರಗಳು ಇದರಲ್ಲಿ ಸೇರಿವೆ. ಪೇಶ್ವೆ ಒಂದನೆಯ ಬಾಜೀರಾಯನು ಕೋಥರೂಡದಲ್ಲಿ ಮಸ್ತಾನಿಗಾಗಿ ಕಟ್ಟಿಸಿದ ಮಹಲಿನ ಅವಶೇಷಗಳನ್ನೂ ಇಲ್ಲಿ ಮತ್ತೆ ಜೋಡಿಸಿ ನಿಲ್ಲಿಸಲಾಗಿದೆ. ಸ್ಥಳದ ಮಿತಿಯಿಂದಾಗಿ ಸಂಗ್ರಹದ ಒಂದು ಭಾಗವನ್ನು ಮಾತ್ರ ಪ್ರದರ್ಶಿಸಲು ಸಾಧ್ಯವಾಗಿದೆ.

ಕೇಳಕರ ದಂಪತಿಗಳ ಪುತ್ರ ರಾಜಾ ಬಾಲ್ಯದಲ್ಲಿಯೇ ತೀರಿಕೊಂಡನು. ಆ ಮಗನ ಹೆಸರನ್ನು ಸಂಗ್ರಹಾಲಯಕ್ಕಿಟ್ಟ ತಂದೆಯು, ಅಪಾರ ಬೆಲೆಬಾಳುವ ಈ ಸಂಪತ್ತನ್ನು ಮಾರಲಿಲ್ಲ. ಮಹಾರಾಷ್ಟ್ರ ಸರ್ಕಾರಕ್ಕೆ ದಾನವಾಗಿ ಒಪ್ಪಿಸಿದರು. ಒಂದು ಕುಟುಂಬದ ದುಃಖದ ನೆನಪು ಹೀಗೆ ಸಮಸ್ತ ಜನತೆಯ ಆಸ್ತಿಯಾಯಿತು. ಕೇಳಕರರು 1990ರ ಏಪ್ರಿಲ್‌ನಲ್ಲಿ ತಮ್ಮ 94ನೆಯ ವಯಸ್ಸಿನಲ್ಲಿ ನಿಧನರಾದರು.

ಕಲಾಪೋಷಣೆಗೆ ಐಶ್ವರ್ಯಕ್ಕಿಂತಲೂ ಗುಣವನ್ನು ಗುರುತಿಸುವ ದೃಷ್ಟಿ ಮುಖ್ಯವೆಂಬುದನ್ನು ಅವರ ಬದುಕು ತಿಳಿಸುತ್ತದೆ. ಕನ್ನಡ ನಾಡಿನ ಹಳೆಯ ಮನೆಗಳ ಅಟ್ಟದ ಮೇಲೆಯೂ ತೂಗುದೀಪಗಳು, ಅಡಕೆಯ ತಟ್ಟೆಗಳು, ಚಿತ್ತಾರದ ಪೆಟ್ಟಿಗೆಗಳು ಉಳಿದಿವೆ. ಅವುಗಳನ್ನು ಗುಜರಿಗೆ ಹಾಕುವ ಮುನ್ನ, ತಯಾರಿಸಿದವರ ಕೌಶಲವನ್ನು ಒಮ್ಮೆ ಗಮನಿಸುವುದು ನಮ್ಮೆಲ್ಲರ ಕರ್ತವ್ಯವಾಗಿದೆ.